ಎಕ್ಸ್‌ರೇ ಕಾಕಾನ ಗಾಲ್ಫ್

ಮೊನ್ನೆ ನನ್ನ ಫೋನಿಗೆ ಮೈಸೂರಿನಿಂದ ಒಂದು ಸಂದೇಶ ಬಂತು. ‘ಮೇಡಂ, ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವರು ಹೋಗಿಬಿಟ್ಟರು. ಅಂಥ ಮಾತುಗಾರರನ್ನು ನಾವು ಕಂಡಿಲ್ಲ. ನೀವು ಅವರ ಪಕ್ಕದ ಮನೆಯವರು. ಅವರ ಬಗ್ಗೆ ನಾಲ್ಕು ಮಾತು ನಿಮ್ಮ ದನಿಯಲ್ಲೇ ಹೇಳಿ ಕಳಿಸಿ, ಎಲ್ಲರೂ ಕೇಳುತ್ತೇವೆ.’

ಓದಿ ತಲೆ ಕೆರೆದುಕೊಂಡೆ. ಈ ಮಳೆಗಾಲದಲ್ಲಿ ನಮ್ಮ ಓಣಿಯಲ್ಲಿ ತೀರಿಕೊಂಡದ್ದು ಎಕ್ಸ್‌ರೇ ಕಾಕಾ ಒಬ್ಬರೇ. ಅವರನ್ನು ಮಾತುಗಾರ ಎಂದರೆ ಬೀದರಿನಲ್ಲಿ ನಕ್ಕುಬಿಡುತ್ತಾರೆ. ಒಂದು ಭಾನುವಾರ ಚಿಂತಾಕಿಯ ಕಡಲೆ ಹೊಲದಲ್ಲಿ ಕಣ್ಣಾರೆ ಕಾಣದಿದ್ದರೆ ನಾನೂ ನಗುತ್ತಿದ್ದೆ. ಕಂಡ ಮೇಲೂ ಪೂರ್ತಿ ನಂಬಿದ್ದೇನೆ ಎಂದು ಎದೆ ಮುಟ್ಟಿ ಹೇಳಲಾರೆ. ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಇದ್ದವರು ಒಬ್ಬರೋ ಇಬ್ಬರೋ ಎಂಬುದೇ ನನಗೆ ಬಗೆಹರಿದಿಲ್ಲ.

ಕಾಕಾ ಭಾಲ್ಕಿಯ ಒಂದು ಖಾಸಗಿ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇಬ್ಬರೂ ದಿನಾ ಬೆಳಿಗ್ಗೆ ಬೀದರಿನಿಂದ ಒಂದೇ ಬಸ್ಸಿಗೆ ಹೋಗಿ ಸಂಜೆ ಒಂದೇ ಬಸ್ಸಿಗೆ ಬರುತ್ತಿದ್ದೆವು. ಎತ್ತರದ ಆಳು, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಬಿಳಿ ಕೂದಲು, ಇಸ್ತ್ರಿ ಮುರಿಯದ ಅಂಗಿ. ಅವರದು ಚಿಂತಾಕಿಯ ಹಳೆಯ ಮೆಥೋಡಿಸ್ಟ್ ಕ್ರೈಸ್ತ ಮನೆತನ. ಅವರ ತಮ್ಮ ಆ ಊರಲ್ಲೇ ಒಕ್ಕಲುತನ ಮಾಡಿಕೊಂಡಿದ್ದ. ಅವರ ಹೆಂಡತಿ, ನಮ್ಮ ಕಾಕು, ನರ್ಸ್ ಆಗಿದ್ದು ನಿವೃತ್ತರಾದವರು. ಕಾಕಾನ ಪಾಲಿನ ಮಾತನ್ನೂ ದೇವರು ಅವರಿಗೇ ಕೊಟ್ಟಿದ್ದ.

ಕಾಕಾಗೆ ಉಗ್ಗು ಇತ್ತು. ಮೊದಲ ಅಕ್ಷರ ಬಂದು ತುಟಿಯ ಹತ್ತಿರ ನಿಂತುಬಿಡುತ್ತಿತ್ತು. ನಮ್ಮ ಸೀಮೆಯಲ್ಲಿ ಒಬ್ಬನ ತಲೆಯ ಮೇಲಿನ ಚೀಲ ಜಾರಿದರೆ ದಾರಿಹೋಕನೂ ಓಡಿ ಬಂದು ಕೈ ಹಚ್ಚುತ್ತಾನೆ. ಮಾತಿಗೂ ಹಾಗೆಯೇ. ಕಾಕಾ ‘ಬ’ ಎನ್ನುವುದರೊಳಗೆ ಮೂರು ಮಂದಿ ಮೂರು ಪದ ಎತ್ತಿ ಕೊಡುತ್ತಿದ್ದರು. ಅದು ಮರ್ಯಾದೆ. ಸುಮ್ಮನೆ ನಿಂತು ನೋಡುವುದು ಕಲ್ಲೆದೆಯವರ ಕೆಲಸ ಎಂದು ನಮ್ಮ ತಿಳುವಳಿಕೆ.

ಗಾಂಧಿ ಗಂಜಿನ ಸಂತೆಪೇಟೆಯಲ್ಲಿ ಒಮ್ಮೆ ನಾನೇ ಜೊತೆಗಿದ್ದೆ. ಕಾಕಾ ಅಂಗಡಿಯ ಮುಂದೆ ನಿಂತು “ಬೆ... ಬೆ...” ಎಂದರು. “ಬೆಳ್ಳೊಳ್ಳಿ ಏನ್ರಿ? ಹೊಸಾ ಮಾಲ್ ಬಂದಾದ ನೋಡ್ರಿ!” ಎಂದು ಅಂಗಡಿಯವ ಚೀಲಕ್ಕೆ ಸುರಿದೇಬಿಟ್ಟ. ಕಾಕಾ ಸುಮ್ಮನೆ ತೆಗೆದುಕೊಂಡರು. ಬೇಕಾಗಿದ್ದದ್ದು ಬೆಲ್ಲ. ಮನೆಯಲ್ಲಿ ಕಾಕು ಹಣೆ ಹಣೆ ಬಡಿದುಕೊಂಡರು. “ನೋಡವ್ವಾ, ನಾ ಹೇಳಿದ್ದು ನಮ್ಮ ಮನಿಗಿ ಎಂದೂ ಬರಂಗಿಲ್ಲ. ಊರ ಮಂದಿ ಏನ್ ಅನ್ಕೋತಾರ ಅದನ್ನೇ ಬೇಯಿಸಿ ಹಾಕ್ಬೇಕು ನಾ.” ಕಾಕಾ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಿಟ್ಟಿಲ್ಲ, ಬೇಸರವಿಲ್ಲ. ಇದ್ದರೂ ಗೊತ್ತಾಗುತ್ತಿರಲಿಲ್ಲ.

ಅವರ ನಾಲಿಗೆ ಎಡವದ ಜಾಗ ಒಂದೇ ಒಂದಿತ್ತು, ಎಕ್ಸ್‌ರೇ ಕೋಣೆ. ಒಂದು ಚಳಿಗಾಲ ನನ್ನ ಕೆಮ್ಮು ಬಿಡದೆ ಅಲ್ಲಿಗೆ ಹೋಗಿದ್ದೆ. ಅರೆಗತ್ತಲೆಯಲ್ಲಿ ಎದೆಯನ್ನು ತಣ್ಣನೆಯ ಹಲಗೆಗೆ ಒತ್ತಿ ನಿಲ್ಲಿಸಿದರು. ಕದಲಬೇಡ ಎನ್ನುವಂತೆ ಅಂಗೈ ಎತ್ತಿ ತೋರಿಸಿ ಗೋಡೆಯ ಹಿಂದೆ ಹೋದರು. ಅಲ್ಲಿಂದ ದನಿ ಬಂತು. “ಉಸುರ ಹಿಡೀರಿ. ಅಳ್ಳಾಡಬ್ಯಾಡ್ರಿ.” ಯಂತ್ರ ಗುಂಯ್‌ಗುಟ್ಟಿತು. “ಹಾಂ, ಬಿಡ್ರಿ.” ಒಂದಕ್ಷರವೂ ಎಡವಲಿಲ್ಲ. ನಾನು ಬಿಟ್ಟ ಉಸಿರಿನಲ್ಲಿ ಅರ್ಧ ಆಶ್ಚರ್ಯವೇ ಇತ್ತು. ಕಮಲನಗರದ ಕಡೆಯವರು ಬಂದರೆ ಇದನ್ನೇ ಮರಾಠಿಯಲ್ಲಿ, ಬೀದರಿನ ಹಳೇ ಓಣಿಯ ಸಾಬರಿಗೆ ದಖನಿಯಲ್ಲಿ ಹೇಳುತ್ತಿದ್ದರಂತೆ, ಅಷ್ಟೇ ಸರಾಗವಾಗಿ. ಹೊರಗೆ ಬಂದು “ಕಾಕಾ, ಹ್ಯಾಂಗ ಅದ ನನ್ನ ಎದಿ?” ಎಂದು ಕೇಳಿದೆ. “ಛ... ಛ...” ಎಂದರು. “ಛಲೋ ಅದ ಅಂತಾರ್ರಿ,” ಎಂದು ಆಯಾ ಮುಗಿಸಿದಳು.

ಇನ್ನು ಗಾಲ್ಫ್. ದವಾಖಾನೆಯ ಹಿರಿಯ ಡಾಕ್ಟರು ವಯಸ್ಸಾಗಿ ಬೇರೆ ಊರಿಗೆ ಹೋಗುವಾಗ ತಮ್ಮ ಗಾಲ್ಫ್ ಕೋಲುಗಳ ಚೀಲವನ್ನು ಕಾಕಾಗೆ ಕೊಟ್ಟು ಹೋದರು. ಯಾಕೆ ಕೊಟ್ಟರೋ, ಇವರು ಯಾಕೆ ತೆಗೆದುಕೊಂಡರೋ! ಬಸ್ಸಿನಲ್ಲಿ ಆ ಚೀಲ ಕಂಡು ಕಂಡಕ್ಟರ್ “ಏನ್ರಿ, ಹಾವ್ ಹೊಡಿಯಾಕ ಹೊಂಟೀರೇನು?” ಎಂದು ಕೇಳಿದ್ದ. ಕಾಕಾ ತಲೆ ಆಡಿಸಿದರು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿಸಿ ಚಿಂತಾಕಿಗೆ ಹೋಗಿ, ತಮ್ಮನ ರಾಶಿ ಮುಗಿದ ಹೊಲದಲ್ಲಿ ಚೆಂಡು ಹೊಡೆಯುವುದು ಶುರುವಾಯಿತು. ಕಲಿಸುವವರು ಯಾರು? ಫೋನಿನಲ್ಲಿ ಒಂದು ಗುಂಪು ಸಿಕ್ಕಿತ್ತಂತೆ. ಬೇರೆ ಬೇರೆ ಊರಿನ ಕನ್ನಡದವರು, ಗಾಲ್ಫ್ ಕಲಿಯುವ ಹುಚ್ಚಿನವರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ತಾವು ಹೊಡೆದ ಹೊಡೆತದ ವಿಡಿಯೋ ಹಾಕುತ್ತಾರೆ, ದನಿಯಲ್ಲಿ ಹರಟೆ ಹೊಡೆಯುತ್ತಾರೆ. ಕಪ್ಪು ನೆಲ ಬಿರಿದ ಹೊಲದಲ್ಲಿ, ಎರೆ ಮಣ್ಣಿನ ಹೆಂಟೆಗಳ ನಡುವೆ ಇದನ್ನು ಆಡುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ಆಟವೇ ಅರ್ಥವಾಗದವಳಿಗೆ ಇದು ಅರ್ಥವಾದೀತೆ?

ಒಂದು ಸಂಜೆ ಭಾಲ್ಕಿಯಿಂದ ಬರುವಾಗ ಕಾಕಾನ ಫೋನು ಇದ್ದಕ್ಕಿದ್ದಂತೆ ಗಟ್ಟಿಯಾಗಿ ಮಾತಾಡತೊಡಗಿತು. “ಏನ್ರಿ ದೋಸ್ತರಾ, ಇವತ್ತ ಏನಾಯ್ತಂದ್ರ, ಚೆಂಡ ಹೊಡದೆ, ಹೋಗಿ ನೆಲದ ಬಿರುಕಿನಾಗ ಬಿತ್ತು. ಬಗ್ಗಿ ನೋಡಿದ್ರ ಒಳಗ ಚೇಳು ಕುಂತಾದ! ತಮ್ಮಾ, ನೀನೇ ಆಡು, ನಾ ಮನಿಗಿ ಹೋಗ್ತೇನಿ ಅಂತ ಹೇಳಿ ಬಂದೇನಿ.” ಬಸ್ಸಿನ ಹಿಂದಿನ ಸೀಟಿನವರೂ ನಕ್ಕರು. ಕಾಕಾ ಗಾಬರಿಬಿದ್ದು ಫೋನು ಜೇಬಿಗೆ ತುರುಕಿದರು.

“ಯಾರ್ದು ಕಾಕಾ ಈ ದನಿ? ಭಾರೀ ಹಾಸ್ಯದವರು ಇದ್ದಾಂಗ ಇದ್ದಾರ.”

“ನ... ನ...”

“ನಾಟಕದವರ್ದಾ?”

“ನ... ನಂದು.”

ನಾನು ನಂಬಲಿಲ್ಲ. ಮನೆಗೆ ಬಂದವಳೇ ಕಾಕುವನ್ನು ಹಿಡಿದೆ. ಕಾಕು ನಗಲಿಲ್ಲ. “ಖರೇನವ್ವಾ. ದಿನಾ ಸಂಜಿಕ ಒಳಗಿನ ಕ್ವಾಣಿ ಬಾಗಿಲಾ ಹಾಕ್ಕೊಂಡು ಕೂಡ್ತಾರ. ಒಂದೇ ಮಾತು ಮತ್ ಮತ್ ಹೇಳ್ತಾರ. ಕೆಟ್ಟದ್ದು ಅಳಸ್ತಾರ, ಛಲೋ ಬಂದದ್ದಷ್ಟೇ ಕಳಸ್ತಾರ. ಆ ಚೇಳಿನ ಕತಿ ನನಗ ಬಾಯಿಪಾಠ ಆಗ್ಯಾದ.” ಆಮೇಲೆ ದನಿ ತಗ್ಗಿಸಿ ಹೇಳಿದರು. “ಆ ಗುಂಪಿನವರಿಗಿ ಯಾರಿಗೂ ಗೊತ್ತಿಲ್ಲ ಇವರಿಗಿ ಉಗ್ಗದ ಅಂತ. ಈಗ ಅವರೆಲ್ಲಾ ಇಲ್ಲಿಗಿ ಬರ್ತಾರಂತ.”

ಆದದ್ದು ಇಷ್ಟು. ಚಿಂತಾಕಿಯ ಬಸ್ ನಿಲ್ಲುವ ಜಾಗದಲ್ಲಿ ನೆರಳಿಲ್ಲ. ಅಲ್ಲಿಂದ ಔರಾದಿಗೆ, ಬೀದರಿಗೆ ದವಾಖಾನೆಗೆ ಹೊರಟ ರೋಗಿಗಳು ಬಿಸಿಲಲ್ಲಿ ಕೂಡುತ್ತಾರೆ. ‘ಎದಿ ಫೋಟೋ ತೆಗಿಯೋದರೊಳಗ ಅರ್ಧ ಜೀವಾ ಅಲ್ಲೇ ಹೋಗಿರ್ತದ’ ಎಂದು ಕಾಕಾ ಗುಂಪಿನಲ್ಲಿ ಹೇಳಿದ್ದರಂತೆ. ಗೆಳೆಯರು ಅದನ್ನು ಹಿಡಿದುಕೊಂಡರು. ನಾವೆಲ್ಲ ಒಂದು ಶನಿವಾರ, ಭಾನುವಾರ ಬರುತ್ತೇವೆ, ನಿಮ್ಮ ಹೊಲದಲ್ಲೇ ಆಡುತ್ತೇವೆ. ನಮ್ಮ ಊರಿನವರಿಂದ ಚಂದಾ ಎತ್ತಿ ಆ ಜಾಗಕ್ಕೆ ಒಂದು ಸೂರು, ಕೂಡಲು ಕಲ್ಲಿನ ಕಟ್ಟೆ ಮಾಡಿಸೋಣ ಎಂದರು. ಆದರೆ ಆಟ ಪೂರ್ತಿ ಆಡಿದ ವಿಡಿಯೋ ತೋರಿಸಿದರೆ ಮಾತ್ರ ಚಂದಾ ಎಂದು ಕೊಡುವವರ ಕರಾರು.

“ಬ್ಯಾಡ ಅನ್ನಬಾರದಿತ್ತಾ ಕಾಕಾ?” ಎಂದು ಅಷ್ಟರಲ್ಲಿ ಒಳಗೆ ಬಂದು ಕೂತ ಕಾಕಾನನ್ನು ಕೇಳಿದೆ.

“ಹ್ಯಾಂಗ ಅಂತಾರವ್ವಾ, ಊರಿಗಿ ನೆರಳು ಬರೋದು ಬ್ಯಾಡಂತ?” ಎಂದು ಕಾಕುವೇ ಉತ್ತರ ಕೊಟ್ಟರು. “ಗೊತ್ತಾದ್ರ ಬಿಟ್ಟು ಹೋಗ್ತಾರ ಅಂತ ಹೆದರ್ಯಾರ. ಇದ್ದವರು ಅವರೇ ನಾಲ್ಕು ಮಂದಿ ಇವರಿಗಿ.” ಕಾಕಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾವೆಲ್ಲ ಇದ್ದೆವಲ್ಲ, ಇಡೀ ಓಣಿಯೇ ಇತ್ತಲ್ಲ, ನಾಲ್ಕೇ ಮಂದಿ ಹೇಗೆ ಎಂದು ನನಗೆ ಕಸಿವಿಸಿಯಾಯಿತು.

ಶನಿವಾರ ಬಂದರು, ನಾಲ್ವರು. ಅವರಲ್ಲಿ ಮುಂದಾಳು ಮೈಸೂರಿನ ಮೋಟಾರು ಬಿಡಿಭಾಗದ ಅಂಗಡಿಯವರು, ದುಂಡು ಮೈ, ದೊಡ್ಡ ನಗು. ಇನ್ನೊಬ್ಬರು ದಾವಣಗೆರೆಯ ಹಲ್ಲಿನ ಡಾಕ್ಟರಮ್ಮ. ಉಳಿದಿಬ್ಬರು ಮಂಗಳೂರಿನ ಅಣ್ಣ ತಮ್ಮಂದಿರು, ಮೌನದಲ್ಲಿ ನಮ್ಮ ಕಾಕಾನ ಜಾತಿಯವರೇ. ಸ್ಟೇಷನ್ನಿಗೆ ಹೋಗಿದ್ದ ಕಾಕಾ ಆ ಬಿಸಿಲಲ್ಲಿ ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡಿದ್ದರು. ಗಂಟಲು ಕೆಟ್ಟಿದೆ, ದನಿ ಬರುವುದಿಲ್ಲ ಎಂಬುದು ಕಾಕು ಹೂಡಿದ ಆಟ. ಮಾತಿಗೆ ನನ್ನನ್ನು ಕಟ್ಟಿ ಕಳಿಸಿದ್ದರು.

“ಅಯ್ಯೋ ಸರ್, ನಿಮ್ಮ ದನಿ ಕೇಳೋಕೇ ಇಷ್ಟು ದೂರ ಬಂದಿದ್ದು ನಾವು!” ಎಂದರು ಮೈಸೂರಿನವರು.

“ಎಲ್ಲಿ, ಬಾಯಿ ತೆಗೀರಿ ನೋಡಣ,” ಎಂದು ಡಾಕ್ಟರಮ್ಮ ಫೋನಿನ ಬೆಳಕು ಹಚ್ಚಿಕೊಂಡೇ ಬಂದರು. ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಬೀದರಿನ ಕೋಟೆ ನೋಡುವಾಗಲೂ ಅಷ್ಟೇ, ಡಾಕ್ಟರಮ್ಮ ಬಲಕ್ಕೆ ಬಂದರೆ ಕಾಕಾ ಎಡಕ್ಕೆ. ಮಫ್ಲರಿನ ಕೆಳಗಿಂದ ಬೆವರು ಇಳಿದು ಇಸ್ತ್ರಿ ಅಂಗಿ ಮೈಗೆ ಅಂಟಿತ್ತು. ಕೋಟೆಯ ಬಗ್ಗೆ ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಆ ನಾಲ್ವರು ಮಾತ್ರ ಕಾಕಾನನ್ನೇ ನೋಡುತ್ತಿದ್ದರು, ಎಲ್ಲೋ ಏನೋ ತಪ್ಪಿದೆ ಎಂಬಂತೆ. ನನಗೆ ಯಾರನ್ನು ಕಂಡು ಮರುಕಪಡಬೇಕೋ ತಿಳಿಯದಾಯಿತು.

ಭಾನುವಾರ ಔರಾದ್ ದಾಟಿ ಚಿಂತಾಕಿಗೆ ಹೋದೆವು. ಕಾಕಾನ ತಮ್ಮ ಹೊಲದಲ್ಲಿ ಅಲ್ಲಲ್ಲಿ ಚೆಂಡು ಬೀಳುವ ಗುಳಿಗೆಂದು ಡಾಲ್ಡಾ ಡಬ್ಬಿ ಹುಗಿದು, ಪಕ್ಕದಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸಿದ್ದ. ಕಡಲೆ ಕಿತ್ತು ರಾಶಿ ಮಾಡಿ ಆಗಿತ್ತು. ಊರಿನ ಹೆಂಗಸರ ಒಂದು ಗುಂಪು ಸಾಲಾಗಿ ಬಗ್ಗಿ, ಉದುರಿದ ಕಾಯಿ ಆರಿಸಿ ಉಡಿಗೆ ಹಾಕಿಕೊಳ್ಳುತ್ತಿತ್ತು. ಮೈಸೂರಿನವರು ಮೊದಲು ಹೊಡೆಯಲು ನಿಂತರು. ಮೊದಲ ಸಲ ಬರೀ ಮಣ್ಣು ಹಾರಿತು. ಎರಡನೆಯ ಸಲವೂ ಮಣ್ಣೇ. ಮೂರನೆಯದಕ್ಕೆ ಚೆಂಡು ಎದ್ದು ಹೋಗಿ ಹೆಂಗಸರ ಸಾಲಿನ ಮುಂದೆ ಬಿತ್ತು. ಒಬ್ಬ ಮುದುಕಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ಉಡಿಗೆ ಹಾಕಿಕೊಂಡು ಮತ್ತೆ ಬಗ್ಗಿದಳು.

ಮಂಗಳೂರಿನವರ ಚೆಂಡೂ ಹಾಗೇ ಹೋಯಿತು. ಡಾಕ್ಟರಮ್ಮನದೂ ಹೋಯಿತು. ತಂದ ಚೆಂಡುಗಳು ಹೀಗೇ ಕರಗುತ್ತಾ ಬಂದವು.

“ಅಜ್ಜಿ, ಅದು ನಮ್ಮ ಬಾಲು, ಕೊಡಿ!” ಎಂದು ಮೈಸೂರಿನವರು ಕೂಗಿದರು.

ಮುದುಕಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು. “ರಾಶಿ ಆದ ಹೊಲದಾಗ ಬಿದ್ದದ್ದು ನಮ್ದು. ಹೊಲದ ಮಾಲಕನೇ ಕೇಳಂಗಿಲ್ಲ. ನೀವ್ಯಾರ್ರಿ ಕೇಳವ್ರು?”

ನಾಲ್ವರೂ ಕಾಕಾನ ಕಡೆ ತಿರುಗಿದರು. ಚೆಂಡಿಲ್ಲದೆ ಆಟವಿಲ್ಲ, ಆಟವಿಲ್ಲದೆ ಸೂರಿಲ್ಲ. ನಾನು ಬಿಡಿಸಿ ಹೇಳಲು ಬಾಯಿ ತೆರೆದೆ. ಕಾಕಾ ನನ್ನ ಕಡೆ ಅಂಗೈ ಎತ್ತಿದರು, ಎಕ್ಸ್‌ರೇ ಕೋಣೆಯಲ್ಲಿ ಎತ್ತುತ್ತಿದ್ದ ಹಾಗೆಯೇ. ನಾನು ಕದಲಲಿಲ್ಲ. ಅವರು ಮಫ್ಲರ್ ಬಿಚ್ಚಿ ತಮ್ಮನ ಕೈಗೆ ಕೊಟ್ಟರು.

“ಹ...” ಎಂದರು. “ಹ... ಹ...”

ನಿಂತಿತು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು. ಆ ಪದ ನನ್ನ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಮುದುಕಿಯೂ ಬಾಯಿ ತೆರೆದಳು. ಕಾಕಾ ಇನ್ನೊಂದು ಅಂಗೈಯನ್ನು ಅವಳ ಕಡೆ ಎತ್ತಿದರು. ಅವಳ ಎದೆಯ ಫೋಟೋವನ್ನೂ ಎಂದೋ ಅವರೇ ತೆಗೆದಿರಬೇಕು, ಉಸಿರು ಹಿಡಿದು ಗಪ್ಪನೆ ನಿಂತಳು. ಬಂದ ನಾಲ್ವರಿಗೆ ಆ ಪದವೇ ಗೊತ್ತಿರಲಿಲ್ಲ. ಏನನ್ನು ಎತ್ತಿ ಕೊಟ್ಟಾರು? ಕಾಯುವುದೊಂದೇ ಅವರಿಗೆ ಉಳಿದದ್ದು. ಕಾದರು. ಅಷ್ಟು ಹೊತ್ತು ಕಾಕಾನ ಮಾತಿಗೆ ಯಾರಾದರೂ ಕಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

“ಹ-ಹಕ್ಕಲ ಅಂತಾರ್ರಿ ಇದಕ್ಕ. ರಾ-ರಾಶಿ ಆದ ಮ್ಯಾಲ ನೆಲದಾಗ ಉ-ಉಳಿದದ್ದು ಬಡವರ್ದು. ನ-ನಮ್ಮಪ್ಪನೂ ಕೇಳಲಿಲ್ಲ. ನಾ-ನಾನೂ ವಾಪಸ್ ಕೇಳಂಗಿಲ್ಲ. ಆ-ಆಟ ಹೋದ್ರ ಹೋಗ್ಲಿ.”

ಕಾಕಾ ತಮ್ಮ ಬೂಟು ನೋಡುತ್ತಾ ನಿಂತಿದ್ದರು. ಮುಗಿಯಿತು, ಈ ನಾಲ್ವರೂ ಹೋದರು ಎಂದುಕೊಂಡೆ.

“ಅಂದ್ರೆ ಗಂಟಲು ನೋವಲ್ಲ,” ಎಂದರು ಡಾಕ್ಟರಮ್ಮ, ಮೆಲ್ಲಗೆ.

“ಸರ್, ಹಾಗಾದ್ರೆ ಆ ಚೇಳಿನ ಕತೆ ಎಲ್ಲ?” ಎಂದು ಮೈಸೂರಿನವರು ಕೇಳಿದರು.

“ಸ-ಸಾಕಷ್ಟು ಸಲ ಹೇಳಿ, ಛ-ಛಲೋ ಬಂದದ್ದು ಕಳಸ್ತಿದ್ದೆ.”

ಮೈಸೂರಿನವರು ತಾವು ಎಬ್ಬಿಸಿದ ಮಣ್ಣಿನ ಗುಂಡಿಗಳನ್ನು ಒಮ್ಮೆ ನೋಡಿದರು. “ಸರ್, ನನ್ನ ವಿಡಿಯೋಗಳೂ ಹಾಗೇ. ಬೆಳಗ್ಗೆಯಿಂದ ಮಣ್ಣು ಅಗೀತೀನಿ, ಒಂದು ಚೆನ್ನಾಗಿ ಬಿದ್ರೆ ಅದನ್ನ ಹಾಕ್ತೀನಿ. ನೀವೆಲ್ಲ ನನ್ನ ದೊಡ್ಡ ಆಟಗಾರ ಅಂದ್ಕೊಂಡಿದ್ರಿ ತಾನೆ?” ಎಂದರು.

ಮಂಗಳೂರಿನ ಅಣ್ಣ ಆ ಎರಡು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು, “ನಮ್ಮದೂ ಹಾಗೆಯೇ ಮಾರಾಯ್ರೇ,” ಎಂದ. ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಕಾಕಾ ನಗುವುದನ್ನು ನೋಡಿದೆ, ಬಾಯಿ ತುಂಬ, ಹೆಗಲು ಕುಣಿಸುತ್ತಾ. ನಗುವಿಗೆ ಉಗ್ಗು ಇರುವುದಿಲ್ಲ ಎಂದು ಆಗ ಗೊತ್ತಾಯಿತು.

ಆಮೇಲಿನ ಆಟ ಏನಾಯಿತು ಎಂದು ಯಾರು ಕೇಳಿದರೂ ನನಗೆ ಹೇಳಲು ಬರುವುದಿಲ್ಲ. ಸೂರಿನ ಸುದ್ದಿ ಕಿವಿಗೆ ಬೀಳುತ್ತಲೇ ಮುದುಕಿ ಉಡಿ ಬಿಚ್ಚಿದಳು. “ಕೇಳಿದ್ರ ಕೊಡ್ತಿರಲಿಲ್ಲ. ಕೇಳಂಗಿಲ್ಲ ಅಂದೀರಲ್ಲ, ಅದಕ್ಕ ಕೊಡ್ತೇನಿ, ತಗೋರಿ,” ಎಂದಳು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಚೆಂಡು ಬಿದ್ದಲ್ಲೇ ಇರಬೇಕು ಎಂಬ ನಿಯಮ ಮಾತ್ರ ಆ ಹೆಂಗಸರ ತಲೆಗೆ ಹತ್ತಲಿಲ್ಲ. ದೂರದಿಂದ ಬಂದ ನೆಂಟರು ಬಿಸಿಲಲ್ಲಿ ಯಾಕೆ ತಿರುಗಬೇಕೆಂದು ಬಿದ್ದ ಚೆಂಡನ್ನೆಲ್ಲ ಎತ್ತಿ ಡಬ್ಬಿಯ ಬಾಯಿಗೇ ತಂದಿಟ್ಟರು. ಡಾಕ್ಟರಮ್ಮನದನ್ನು ಡಬ್ಬಿಯೊಳಗೇ ಹಾಕಿ, “ಹೆಣ್ಮಗಳು, ಪಾಪ,” ಎಂದರು. ಗೆದ್ದವರು ಯಾರೆಂದು ತಿಳಿಯದಿದ್ದರೂ ಆಟ ಪೂರ್ತಿಯಾಯಿತು. ವಿಡಿಯೋ ನೋಡಿ ಚಂದಾ ಕೊಟ್ಟವರು ಏನೆಂದುಕೊಂಡರೋ, ಕೊಟ್ಟದ್ದಂತೂ ನಿಜ.

ಊಟಕ್ಕೆ ಬೇವಿನ ಮರದ ಕೆಳಗೆ ಕೂತೆವು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಕಾಕಾ ಹಿರಿಯ ಡಾಕ್ಟರರ ಕತೆ ಹೇಳಲು ಶುರುಮಾಡಿದರು. ನಾನು ಎರಡು ರೊಟ್ಟಿ ತಿಂದರೂ ಕತೆಯಲ್ಲಿ ಡಾಕ್ಟರರು ಇನ್ನೂ ಬಾಗಿಲಲ್ಲೇ ನಿಂತಿದ್ದರು. ನಡುವೆ ಎಷ್ಟು ಸಲ ನನ್ನ ನಾಲಿಗೆ ತುರಿಸಿತೋ! ಆ ನಾಲ್ವರು ರೊಟ್ಟಿ ಕೈಯಲ್ಲಿ ಹಿಡಿದು, ಮುಂದೇನು ಎಂದು ಅವರ ಮುಖವನ್ನೇ ನೋಡುತ್ತಿದ್ದರು. ಕಾಕು ನೀರು ತರುವ ನೆಪದಲ್ಲಿ ಮರದ ಆಚೆ ಹೋಗಿ ಕಣ್ಣೊರೆಸಿಕೊಂಡು ಬಂದರು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಮತ್ತೆ ಅದೇ ಕಾಕಾ, ಕಿಟಕಿ ಪಕ್ಕ, ಮೌನ. ನನಗೆ ತಡೆಯಲಾಗಲಿಲ್ಲ. “ಕಾಕಾ, ನಿನ್ನಿ ಅವರ ಮುಂದ ಅಷ್ಟ್ ಮಾತಾಡಿದ್ರಿ. ನಮ್ಮ ಮುಂದ ಯಾಕ ಮಾತಾಡಂಗಿಲ್ಲ?”

ಅವರು ನನ್ನ ಕಡೆ ತಿರುಗಿದರು. ಹೇಳಬೇಕೋ ಬೇಡವೋ ಎಂದು ಯೋಚಿಸಿದ ಹಾಗಿತ್ತು. “ನೀ...” ಎಂದರು. “ನೀ... ನೀ...”

“ನೀರು ಬೇಕೇನ್ರಿ?” ಎಂದು ನಾನು ಚೀಲದಿಂದ ಬಾಟಲಿ ತೆಗೆದು ಕೊಟ್ಟೆ.

ಕಾಕಾ ತೆಗೆದುಕೊಂಡರು. ಮುಚ್ಚಳ ತಿರುವಿ, ಎರಡು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ವಾಪಸ್ ಕೊಟ್ಟರು. ಭಾಲ್ಕಿ ಬಂತು, ಇಬ್ಬರೂ ಇಳಿದೆವು.

ಸೂರು ಆಯಿತು. ತಗಡಿನ ಮಾಡು, ಕಲ್ಲಿನ ಕಟ್ಟೆ. ಗೆಳೆಯರು ಮತ್ತೊಮ್ಮೆ ಬರುವವರಿದ್ದರು. ಅಷ್ಟರಲ್ಲಿ ಕಾಕಾ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು, ಏಳಲಿಲ್ಲ. ಯಾರಿಗೂ ಏನೂ ಹೇಳುವ ಪ್ರಸಂಗವೇ ಬರಲಿಲ್ಲ.

ಈಗ ಈ ಮೈಸೂರಿನವರಿಗೆ ನಾನು ಹೇಳುವುದೇನು? ತರಗತಿಯಲ್ಲಿ ಗಂಟಲು ಹರಿದುಕೊಂಡು ಬದುಕಿದವಳು, ನನಗೆ ಮಾತಿನ ಬರವೆ? ಫೋನು ಹಿಡಿದು ಕೂತೆ. ಒತ್ತಿ ಹಿಡಿದರೆ ದನಿ ತುಂಬಿಕೊಳ್ಳುತ್ತದೆ, ಬಿಟ್ಟರೆ ಅವರಿಗೆ ಹೋಗುತ್ತದೆ, ಬೇಡವೆಂದರೆ ಬೆರಳನ್ನು ಪಕ್ಕಕ್ಕೆ ಸರಿಸಬೇಕು. ‘ನಮ್ಮ ಕಾಕಾ ಭಾಳ ಒಳ್ಳೆಯವರು’ ಎಂದೆ. ಶಾಲೆಯ ಬೀಳ್ಕೊಡುಗೆ ಭಾಷಣದ ಹಾಗಿತ್ತು. ಸರಿಸಿದೆ. ಮತ್ತೊಂದು ಹೇಳಿದೆ, ಅದೂ ಸುಳ್ಳೆನಿಸಿತು, ಸರಿಸಿದೆ. ಹೀಗೆ ಹೇಳುತ್ತಾ ಅಳಿಸುತ್ತಾ ಸಂಜೆಯಾಯಿತು. ಪಕ್ಕದ ಮನೆಯ ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು.

ಮತ್ತೆ ಒತ್ತಿದೆ. “ಕಾಕಾ...” ಎಂದೆ. ಮುಂದಿನ ಪದ ಬರಲಿಲ್ಲ. “ಕಾಕಾ...” ಎಂದೆ ಮತ್ತೆ. ಒಂದು ಪದ ಎತ್ತಿ ಕೊಡಲು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದೆ. ಯಾರೂ ಇರಲಿಲ್ಲ. ಅಳು ಬಂತು. ಅಳುವೂ ಒಳಗೆ ತುಂಬಿಕೊಂಡಿತು. ಬೆರಳು ಪಕ್ಕಕ್ಕೆ ಸರಿಯಲು ಹೊರಟು ಅಲ್ಲೇ ನಿಂತಿತು. ಗೋಡೆಯ ಹಿಂದಿನ ಆ ದನಿ ಕೇಳಿದ ಹಾಗಾಯಿತು. 

ಹಾಂ, ಬಿಡ್ರಿ.

ಬಿಟ್ಟೆ.